ತಿಜೋರಿಯಲ್ಲಿ ನಿಂತ ಚಕ್ರ

ಗೋಕಾಕದಿಂದ ಮೂಡಲಗಿಯ ಕಡೆಗೆ ಹೊರಟ ಬಸ್ಸು ಪೇಟೆಯ ಗದ್ದಲವನ್ನೂ ಕರದಂಟಿನ ಅಂಗಡಿಗಳ ತುಪ್ಪದ ಕಂಪನ್ನೂ ಹಿಂದೆ ಬಿಟ್ಟು ಒಂದಷ್ಟು ದೂರ ಸಾಗಿತೆಂದರೆ, ರಸ್ತೆಯ ಎರಡು ಬದಿಗೂ ಕಬ್ಬು ಗೋಡೆಯಂತೆ ಎದ್ದು ನಿಲ್ಲುತ್ತದೆ. ದೀಪಾವಳಿ ಕಳೆದ ಮೇಲಂತೂ ಈ ದಾರಿಯಲ್ಲಿ ಮನುಷ್ಯರಿಗಿಂತ ಟ್ರ್ಯಾಕ್ಟರುಗಳೇ ಹೆಚ್ಚು. ಒಂದೊಂದರ ಬೆನ್ನಿಗೂ ಎರಡೆರಡು ಟ್ರೇಲರು. ಅವುಗಳಿಂದ ಹೊರಚಾಚಿದ ಕಬ್ಬಿನ ಜಲ್ಲೆಗಳು ಬಸ್ಸಿನ ಕಿಟಕಿಯನ್ನು ಸವರಿಕೊಂಡೇ ಹೋಗುತ್ತವೆ. ಈ ಹಸಿರಿನ ನಡುವೆ ಇರುವ ಊರು ನಾಗನೂರ. ಹೆಸರಿಗೆ ಪಟ್ಟಣ ಪಂಚಾಯಿತಿಯಾಗಿದ್ದರೂ ಊರಿನ ಜೀವ ಇನ್ನೂ ಹೊಲದಲ್ಲಿಯೇ ಇದೆ. ಹಿಂದೆ ಗೋಕಾಕ ತಾಲೂಕಿಗೆ ಸೇರಿದ್ದ ಊರು, ಮೂಡಲಗಿ ಬೇರೆ ತಾಲೂಕಾದ ಮೇಲೆ ಆ ಕಡೆಗೆ ಹೋಯಿತು. ಬೀಗತನಗಳು ಮಾತ್ರ ಗೋಕಾಕ, ಹುಕ್ಕೇರಿ, ರಾಯಬಾಗಗಳ ಉದ್ದಕ್ಕೂ ಹಬ್ಬಿಕೊಂಡೇ ಇವೆ.

ಪ್ರವಾಸಿಗರು ಈ ಸೀಮೆಗೆ ಬರುವುದು ಗೋಕಾಕದ ಜಲಪಾತವನ್ನು ನೋಡಲು. ಮಳೆಗಾಲದಲ್ಲಿ ಘಟಪ್ರಭೆ ಕುದುರೆಯ ಲಾಳದಾಕಾರದ ಬಂಡೆಯ ಮೇಲಿಂದ 170 ಅಡಿ ಆಳಕ್ಕೆ ಧುಮುಕುವ ನೋಟವನ್ನು ತೂಗುಸೇತುವೆಯ ಬಳಿ ನಿಂತು ಕಂಡವರು ನಾಗನೂರದಂಥ ಊರಿಗೆ ಬರುವ ಗೋಜಿಗೆ ಹೋಗುವುದಿಲ್ಲ. ಬಂದರೆ ನೋಡುವುದಾದರೂ ಏನನ್ನು? ಕಬ್ಬು, ಗೋವಿನಜೋಳ, ಅರಿಷಿಣ. ಬಾವಿ, ಪಂಪು, ಪೈಪು. ಆದರೆ ಈ ಪಂಪು ಪೈಪುಗಳಲ್ಲಿಯೇ ಒಂದು ಕಥೆಯಿದೆ. ಯಂತ್ರವೆಂಬುದು ಈ ನಾಡಿಗೆ ನಿನ್ನೆ ಮೊನ್ನೆ ಬಂದ ಅತಿಥಿಯಲ್ಲ. ಗೋಕಾಕದ ನೂಲಿನ ಗಿರಣಿಯ ಇತಿಹಾಸ 1885ಕ್ಕೆ ಹೋಗುತ್ತದೆ. 1887ರಷ್ಟು ಹಿಂದೆಯೇ ಜಲಪಾತದ ನೀರಿನಿಂದ ಇಲ್ಲಿ ವಿದ್ಯುತ್ತನ್ನು ಹುಟ್ಟಿಸಿದರೆಂದು ಈ ಸೀಮೆಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 1897ರಲ್ಲಿ ಧೂಪದಾಳದ ಒಡ್ಡು ಮುಗಿದು ಕಾಲುವೆಗೆ ನೀರು ಬಂದಿತು. ನೆರೆಯ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹಳ್ಳಿಹಳ್ಳಿಗೆ ತಂತಿ ಎಳೆಯಿತು. ಹೀಗೆ ನಾಲ್ಕಾರು ತಲೆಮಾರುಗಳಿಂದ ಇಲ್ಲಿನ ರೈತನ ಕೈಗೆ ಎತ್ತಿನ ಹಗ್ಗದಷ್ಟೇ ಪಾನಾ, ಗ್ರೀಸು, ಬೇರಿಂಗುಗಳೂ ಪರಿಚಿತವಾಗಿವೆ.

ಮಳೆಗಾಲ ಮುಗಿದು, ನಾಲ್ಕು ತಿಂಗಳು ಸುಮ್ಮನೆ ಕುಳಿತಿದ್ದ ಪಂಪನ್ನು ಮತ್ತೆ ಆರಂಭಿಸುವಾಗ ನಾಗನೂರದ ಯಾವ ರೈತನೂ ನೇರವಾಗಿ ಬಟನ್ ಒತ್ತುವುದಿಲ್ಲ. ಮೊದಲು ಮೋಟರಿನ ಹಿಂಬದಿಯ ಫ್ಯಾನನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ನೋಡುತ್ತಾನೆ. ತಿರುಗಿದರೆ ಸರಿ. ಬಿಗಿಯಾಗಿದ್ದರೆ ಒಳಗೆ ತುಕ್ಕು ಹಿಡಿದಿದೆ, ಗ್ರೀಸು ಗಟ್ಟಿಯಾಗಿದೆ ಎಂದು ತಿಳಿದುಕೊಳ್ಳುತ್ತಾನೆ. ಹಾಗೆ ನೋಡದೆ ವಿದ್ಯುತ್ತು ಹರಿಸಿದರೆ ಮೋಟರು ಹೂಂಕರಿಸುತ್ತದೆಯೇ ಹೊರತು ತಿರುಗದು. ಸ್ವಲ್ಪ ಹೊತ್ತಿಗೆ ಸುರುಳಿ ಸುಟ್ಟ ವಾಸನೆ ಬರುತ್ತದೆ. ಓಡುವ ಯಂತ್ರ ಸವೆಯುತ್ತದೆ, ನಿಂತ ಯಂತ್ರ ಹಿಡಿದುಕೊಳ್ಳುತ್ತದೆ. ಈ ಮಾತನ್ನು ಇಲ್ಲಿ ಯಾರಿಗೂ ಯಾರೂ ಕಲಿಸಬೇಕಾಗಿಲ್ಲ.

ಇಷ್ಟು ತಿಳಿದ ಜನರ ಮನೆಯಲ್ಲಿಯೇ ಇನ್ನೊಂದು ಯಂತ್ರ ಯಾರ ಗಮನಕ್ಕೂ ಬಾರದೆ ಹಿಡಿದುಕೊಂಡು ಕುಳಿತಿದೆ ಎಂದರೆ ಆಶ್ಚರ್ಯವಾದೀತು. ಆ ಯಂತ್ರವಿರುವುದು ಬಾವಿಯ ದಂಡೆಯಲ್ಲಲ್ಲ, ಮಲಗುವ ಕೋಣೆಯ ತಿಜೋರಿಯಲ್ಲಿ. ಬಂಗಾರದ ಡಬ್ಬಿಯ ಪಕ್ಕದಲ್ಲಿ, ರೇಷ್ಮೆ ಸೀರೆಗಳ ನಡುವೆ, ಅಂಗೈಯಗಲದ ಒಂದು ಕರಿಯ ಪೆಟ್ಟಿಗೆ. ಅದೇ ಹಾರ್ಡ್ ಡಿಸ್ಕ್.

ಈ ಪೆಟ್ಟಿಗೆ ಇಲ್ಲಿಗೆ ಬಂದ ಬಗೆ ಸರಳವಾದುದು. ಹಿಂದೆ ಮದುವೆಯಾದರೆ ಆಲ್ಬಮ್ಮು ಮಾಡಿಸುತ್ತಿದ್ದರು. ಆಮೇಲೆ ವೀಡಿಯೊ ಕ್ಯಾಸೆಟ್ಟು, ಆಮೇಲೆ ಸಿ.ಡಿ., ಡಿ.ವಿ.ಡಿ. ಕೆಮರಾಗಳು ಸುಧಾರಿಸಿದಂತೆ ಚಿತ್ರಗಳ ಗಾತ್ರ ಬೆಳೆಯಿತು. ಮೂರು ದಿನದ ಮದುವೆ ಹತ್ತು ತಟ್ಟೆಗಳಲ್ಲಿಯೂ ಹಿಡಿಸದಂತಾಯಿತು. ಆಗ ಸ್ಟುಡಿಯೋದವರು ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ತುಂಬಿಕೊಡತೊಡಗಿದರು. ಮನೆಯವರು ಒಮ್ಮೆ ನೋಡಿ ಸಂತೋಷಪಟ್ಟು, ಬಟ್ಟೆಯಲ್ಲಿ ಸುತ್ತಿ, ಬೆಲೆಬಾಳುವ ವಸ್ತುವೆಂದು ಬೀಗ ಹಾಕಿ ಇಟ್ಟರು. ಬೆಲೆಬಾಳುವ ವಸ್ತುವನ್ನು ಯಾರೂ ಮುಟ್ಟದಂತೆ ಇಡುವುದೇ ಅಲ್ಲವೇ ಜೋಪಾನದ ರೀತಿ?

ಹೆಸರು ಬೇಡ, ಊರಿನ ಒಂದು ಮನೆಯ ಮಾತು. 2009ರಲ್ಲಿ ಹಿರಿಯ ಮಗನ ಮದುವೆಯ ಹಿಂದಿನ ರಾತ್ರಿ, ಬೀಗರೆಲ್ಲ ನೆರೆದಿದ್ದಾಗ, ಮನೆಯ ಹಿರಿಯರು ಒತ್ತಾಯಕ್ಕೆ ಕಟ್ಟುಬಿದ್ದು ಹಾಡಲು ಕುಳಿತರು. ಪ್ರಾಯದಲ್ಲಿ ಪಾರಿಜಾತದ ಮೇಳದಲ್ಲಿ ದನಿಗೂಡಿಸಿದ್ದವರು. ಸ್ಟುಡಿಯೋದ ಹುಡುಗ ನಿದ್ದೆಗಣ್ಣಿನಲ್ಲಿಯೇ ಕೆಮರಾ ಆರಿಸದೆ ಬಿಟ್ಟಿದ್ದನು; ಹೀಗೆ ಒಂದೂವರೆ ತಾಸಿನ ಹಾಡು ತಾನಾಗಿ ದಾಖಲಾಯಿತು. ಹಿರಿಯರು 2014ರಲ್ಲಿ ತೀರಿಕೊಂಡರು. ಅವರ ದನಿ ಇನ್ನೆಲ್ಲಿಯೂ ಉಳಿದಿರಲಿಲ್ಲ. ಇದ್ದದ್ದು ತಿಜೋರಿಯ ಕರಿಯ ಪೆಟ್ಟಿಗೆಯೊಳಗೆ. ಮೊಮ್ಮಗಳು ಶಾಲೆಯ ಹಬ್ಬಕ್ಕೆ ಪಾರಿಜಾತದ ಒಂದು ಪದ ಕಲಿಯಬೇಕೆಂದು ಹಟ ಹಿಡಿದಾಗ ಸೊಸೆ ಪೆಟ್ಟಿಗೆಯನ್ನು ಹೊರತೆಗೆದಳು. ಗಣಕಯಂತ್ರಕ್ಕೆ ಜೋಡಿಸಿದರೆ ಸಣ್ಣ ದೀಪ ಹತ್ತಿತು, ಪೆಟ್ಟಿಗೆಯೊಳಗಿಂದ ಮರಿ ಹಕ್ಕಿ ಕಿಚಗುಟ್ಟಿದಂಥ ಒಂದು ಸದ್ದು, ಅಷ್ಟೇ. ಮರುದಿನ ಅದನ್ನು ಸ್ಟುಡಿಯೋಕ್ಕೆ ಒಯ್ದಳು. ಅಂದಿನ ಹುಡುಗ ಇಂದು ಅಂಗಡಿಯ ಯಜಮಾನ. ಪೆಟ್ಟಿಗೆಯನ್ನು ಕಿವಿಗೆ ಹಿಡಿದು ಆಲಿಸಿದನು.

“ಅಕ್ಕಾರ, ಇದು ತಿರಗವಲ್ದು ನೋಡ್ರಿ.”

“ಅದೆಂಗ ತಮ್ಮಾ? ತಿಜೋರ್ಯಾಗ ಇಟ್ಟಿದ್ದೆ. ಹನ್ನೆರಡ ವರ್ಷ ಒಬ್ಬರೂ ಮುಟ್ಟಿಲ್ಲ.”

“ಮುಟ್ಟಲಾರದ್ದಕ್ಕ ಹಿಂಗ ಆಗೇತ್ರಿ, ಅಕ್ಕಾರ.”

ಆಕೆಗೆ ಆ ಉತ್ತರ ಕುಚೋದ್ಯದಂತೆ ಕೇಳಿಸಿತು. ಆದರೆ ಅದರಲ್ಲಿ ಕುಚೋದ್ಯವಿರಲಿಲ್ಲ.

ಅಕ್ಷರಗಳನ್ನು ತಿರುಗುವ ತಟ್ಟೆಯ ಮೇಲೆ ಬರೆದಿಡುವ ಈ ವಿದ್ಯೆ ಹೊರಬಿದ್ದದ್ದು 1956ರಲ್ಲಿ. ಕನ್ನಡನಾಡು ಒಂದಾದ ವರುಷವೂ ಅದೇ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಿಂದ ಮೈಸೂರು ರಾಜ್ಯಕ್ಕೆ ಬಂದ ನವೆಂಬರಿಗೆ ಕೆಲವು ವಾರಗಳ ಮುಂಚೆ, ಅಮೆರಿಕೆಯ ಐ.ಬಿ.ಎಂ. ಸಂಸ್ಥೆ ತನ್ನ ಹೊಸ ಯಂತ್ರವನ್ನು ಲೋಕಕ್ಕೆ ತೋರಿಸಿತು. ಎರಡು ಅಡಿ ಅಗಲದ ಐವತ್ತು ತಟ್ಟೆಗಳು, ಒಂದು ಟನ್ನಿಗೂ ಮಿಗಿಲಾದ ತೂಕ. ಅದರಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು. ಇಂದಿನ ಮೊಬೈಲು ಫೋನು ತೆಗೆಯುವ ಒಂದೋ ಎರಡೋ ಫೋಟೋಗಳಿಗೆ ಅಷ್ಟು ಜಾಗ ಬೇಕು. ಗಾತ್ರ ಕುಗ್ಗಿ ಸಾಮರ್ಥ್ಯ ಲಕ್ಷಾಂತರ ಪಾಲು ಹಿಗ್ಗಿದರೂ ಒಳಗಿನ ಕ್ರಮ ಮಾತ್ರ ಬದಲಾಗಿಲ್ಲ. ಅಲ್ಯೂಮಿನಿಯಂ ಇಲ್ಲವೆ ಗಾಜಿನ ನುಣುಪಾದ ತಟ್ಟೆ. ಅದರ ಮೇಲೆ ಕೋಬಾಲ್ಟ್ ಬೆರೆತ ತೆಳುವಾದ ಅಯಸ್ಕಾಂತ ಲೇಪ. ಅದನ್ನು ಕಾಯಲು ಇಂಗಾಲದ ಪೊರೆ. ಪೊರೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಎಣ್ಣೆಯ ಲೇಪ. ತಟ್ಟೆ ನಿಮಿಷಕ್ಕೆ 5400 ಸುತ್ತು, ಕೆಲವು ಯಂತ್ರಗಳಲ್ಲಿ 7200 ಸುತ್ತು ತಿರುಗುತ್ತದೆ. ತಿರುಗುವ ತಟ್ಟೆಯೊಡನೆ ಸುಳಿಯುವ ಗಾಳಿಯ ಮೇಲೆ, ಹದ್ದು ರೆಕ್ಕೆ ಬಡಿಯದೆ ತೇಲುವಂತೆ, ಓದುವ ತಲೆ ತೇಲುತ್ತದೆ. ತಲೆಗೂ ತಟ್ಟೆಗೂ ನಡುವಿನ ಅಂತರ ಮನುಷ್ಯನ ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ತಟ್ಟೆ ತಿರುಗುತ್ತಿರುವವರೆಗೆ ತಲೆಗೆ ಗಾಳಿಯ ಆಧಾರ. ನಿಂತಿತೋ, ಆಧಾರ ತಪ್ಪಿತು. ತಲೆ ಎಲ್ಲಿಯಾದರೂ ಇಳಿಯಲೇ ಬೇಕು.

ಎಲ್ಲಿ ಇಳಿಯುತ್ತದೆ ಎಂಬುದರ ಮೇಲೆ ಅದರ ಮುಂದಿನ ಗತಿ ನಿಂತಿದೆ. ಹಳೆಯ ಡಿಸ್ಕುಗಳಲ್ಲಿ ತಲೆ ತಟ್ಟೆಯ ಮೇಲೆಯೇ, ಒಳಬದಿಯ ಒಂದು ಅಂಚಿನಲ್ಲಿ, ಇಳಿದು ಕೂರುತ್ತಿತ್ತು. ಎರಡೂ ಕನ್ನಡಿಯಂತೆ ನುಣುಪು. ಒದ್ದೆಯಾದ ಎರಡು ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬಿಡಿಸಲು ಹೆಣಗಿದವರಿಗೆ ಮುಂದಿನದು ಥಟ್ಟನೆ ಹೊಳೆದೀತು. ತಿಂಗಳುಗಟ್ಟಲೆ, ವರುಷಗಟ್ಟಲೆ ಹಾಗೆ ಕುಳಿತರೆ, ಎಣ್ಣೆಯ ಲೇಪವೂ ಗಾಳಿಯ ತೇವವೂ ಸೇರಿ ತಲೆಯನ್ನು ತಟ್ಟೆಗೆ ಅಂಟಿಸಿಬಿಡುತ್ತಿದ್ದವು. ವಿದ್ಯುತ್ತು ಹರಿದರೂ ಪುಟ್ಟ ಮೋಟರಿಗೆ ಆ ಹಿಡಿತವನ್ನು ಬಿಡಿಸಿಕೊಳ್ಳುವ ಶಕ್ತಿಯಿರಲಿಲ್ಲ. ಕೆಲವು ತಂತ್ರಜ್ಞರು ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಒಮ್ಮೆ ಚಕ್ಕನೆ ತಿರುವುತ್ತಿದ್ದರು; ಬಿಡಿಸಿಕೊಂಡರೆ ಪುಣ್ಯ, ಇಲ್ಲವಾದರೆ ತಲೆಯೇ ಕಿತ್ತು ಬರುತ್ತಿತ್ತು. ಈ ತೊಡಕನ್ನು ಕಂಡೇ ತಯಾರಕರು ಮುಂದೆ ತಟ್ಟೆಯ ಹೊರಗೆ ಒಂದು ಪುಟ್ಟ ಇಳಿಜಾರಿನ ಕಟ್ಟೆ ಕಟ್ಟಿ, ಕೆಲಸ ಮುಗಿದೊಡನೆ ತಲೆ ಅದನ್ನು ಏರಿ ಕೂರುವಂತೆ ಮಾಡಿದರು. ಇಂದಿನ ಡಿಸ್ಕುಗಳಲ್ಲಿ ಇದೇ ಕ್ರಮ. ಆದರೇನು? ಬಳಸುತ್ತಿರುವಾಗಲೇ ತಂತಿ ಕಿತ್ತರೆ, ಪೆಟ್ಟಿಗೆ ಕೈಜಾರಿ ನೆಲಕ್ಕೆ ಬಿದ್ದರೆ, ತಲೆ ಕಟ್ಟೆಯನ್ನು ಮುಟ್ಟದೆ ತಟ್ಟೆಯ ಮೇಲೆಯೇ ಉಳಿದುಬಿಡುವುದುಂಟು. ಹಾಗೆ ಉಳಿದದ್ದು ಯಾರಿಗೂ ತಿಳಿಯುವುದಿಲ್ಲ. ಪೆಟ್ಟಿಗೆ ತಿಜೋರಿ ಸೇರುತ್ತದೆ. ಅಂಟು ಗಟ್ಟಿಯಾಗುತ್ತ ಹೋಗುತ್ತದೆ. ಮರಿ ಹಕ್ಕಿ ಕಿಚಗುಟ್ಟಿದಂಥ ಆ ಸದ್ದು, ತಿರುಗಲು ಹವಣಿಸಿ ಸೋತ ಮೋಟರಿನ ದನಿ.

ತಲೆ ಅಂಟದಿದ್ದರೂ ಅಪಾಯ ಮುಗಿಯಲಿಲ್ಲ. ತಟ್ಟೆಯನ್ನು ಹೊತ್ತ ಅಚ್ಚಿಗೆ ಹಿಂದೆ ಗುಂಡುಗಳ ಬೇರಿಂಗು ಇರುತ್ತಿತ್ತು. ಪಂಪಿನಂತೆಯೇ ಅದಕ್ಕೂ ಗ್ರೀಸು, ನಿಂತಲ್ಲಿ ಗಟ್ಟಿಯಾಗುವ ಅದೇ ಗ್ರೀಸು. 2000ದ ಈಚೆಗೆ ಗುಂಡುಗಳ ಬದಲು ಎಣ್ಣೆಯ ಪೊರೆಯೇ ಅಚ್ಚನ್ನು ಹೊರುವ ಬೇರಿಂಗು ರೂಢಿಗೆ ಬಂದಿತು. ಸದ್ದು ಕಡಿಮೆ, ಬಾಳಿಕೆ ಹೆಚ್ಚು. ಆದರೂ ಎಣ್ಣೆ ಎಣ್ಣೆಯೇ. ಬಿದ್ದು ಅಚ್ಚು ಕೊಂಚ ಬಾಗಿದರೆ, ಎಣ್ಣೆ ಕಾಲಕ್ರಮದಲ್ಲಿ ಜಾರಿದರೆ ಅಥವಾ ದಪ್ಪವಾದರೆ, ಚಕ್ರ ಹಿಡಿದುಕೊಳ್ಳುತ್ತದೆ. ಕೆಲವು ಹಳೆಯ ಡಿಸ್ಕುಗಳಲ್ಲಿ ತೋಳಿನ ಓಟವನ್ನು ತಡೆಯಲು ಇಟ್ಟ ರಬ್ಬರಿನ ತುಣುಕು ಇಪ್ಪತ್ತು ವರುಷಗಳಲ್ಲಿ ಕರಗಿ ಬೆಲ್ಲದ ಪಾಕದಂತಾಗಿ ತೋಳನ್ನೇ ಹಿಡಿದುಕೊಂಡ ಉದಾಹರಣೆಗಳಿವೆ. ಆಲೆಮನೆಯ ಊರಿನವರಿಗೆ ಆ ಪಾಕದ ಹಿಡಿತವನ್ನು ವಿವರಿಸಬೇಕಾಗಿಲ್ಲ.

ಇನ್ನು ತೇವದ ಮಾತು. ಹಾರ್ಡ್ ಡಿಸ್ಕಿನ ಪೆಟ್ಟಿಗೆ ಪೂರ್ತಿ ಮುಚ್ಚಿದ್ದೆಂದೇ ಹೆಚ್ಚಿನವರ ನಂಬಿಕೆ. ಹಾಗಲ್ಲ. ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡ ಸರಿದೂಗಲೆಂದು ಅದಕ್ಕೆ ಒಂದು ಸಣ್ಣ ರಂಧ್ರವಿರುತ್ತದೆ. ರಂಧ್ರದ ಬಾಯಿಗೆ ಧೂಳು ತಡೆಯುವ ಜರಡಿ. ಹಲವು ಡಿಸ್ಕುಗಳಲ್ಲಿ ತೇವ ಹೀರುವ ಒಂದು ಪೊಟ್ಟಣವೂ ಉಂಟು. ಧೂಳು ನಿಂತೀತು, ಆವಿ ಎಷ್ಟು ದಿನ ನಿಂತೀತು? ಈ ಸೀಮೆಯ ಹಿರಿಯರು ಜೋಳ ತುಂಬುತ್ತಿದ್ದ ಹಗೇವನ್ನು ಇಲ್ಲಿ ನೆನೆಯಬೇಕು. ನೆಲದಲ್ಲಿ ಅಗೆದ ಆ ಕಣಜಕ್ಕೆ ಒಳಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತಿದರೆ ಗಾಳಿಯಾಡುತ್ತಿರಲಿಲ್ಲ, ಹುಳು ಬದುಕುತ್ತಿರಲಿಲ್ಲ. ಬಾಯಿ ತೆಗೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ, ಉಸಿರುಕಟ್ಟೀತೆಂಬ ಭಯ. ಜೋಳ ವರುಷಗಟ್ಟಲೆ ಉಳಿಯುತ್ತಿದ್ದುದು ಆ ಉಸಿರುಕಟ್ಟಿನಿಂದಲೇ. ತಿಜೋರಿಯ ಡಿಸ್ಕು ಹಗೇವಲ್ಲ. ಅದು ಮೆಲ್ಲಗೆ ಉಸಿರಾಡುತ್ತಿರುತ್ತದೆ. ಜೂನ್‌ನಿಂದ ಅಕ್ಟೋಬರವರೆಗಿನ ತಂಪು ಗಾಳಿ, ಚೈತ್ರ ವೈಶಾಖಗಳಲ್ಲಿ ತಗಡಿನ ಛಾವಣಿಯ ಅಡಿಯ ಕಾವು, ಎರಡನ್ನೂ ಅದು ಉಣ್ಣುತ್ತದೆ. ಹಸುರು ಹಲಗೆಯ ಮೇಲಿನ ತಾಮ್ರದ ಸಂಪರ್ಕಗಳು ಕಪ್ಪಾಗುತ್ತವೆ. ಹಲಗೆಗೂ ಒಳಗಿನ ತಲೆಗೂ ನಡುವೆ ಸುದ್ದಿ ಒಯ್ಯುವ ಚುಕ್ಕಿಯಷ್ಟು ಚಿಕ್ಕ ಬಿಂದುಗಳ ಮೇಲೆ ಕಿಲುಬು ಕಟ್ಟುತ್ತದೆ. ತಟ್ಟೆ ನೆಟ್ಟಗಿದ್ದರೂ ಸುದ್ದಿ ಹೊರಬಾರದು.

ಹಾಗಾದರೆ ಬರೆದ ಅಕ್ಷರಗಳೇ ಅಳಿಸಿಹೋಗುವುದಿಲ್ಲವೇ? ಅಯಸ್ಕಾಂತದ ಗುಣವೂ ಕಾಲಕ್ಕೆ ಕುಂದುತ್ತದೆ, ನಿಜ. ಕಾವು ಹೆಚ್ಚಿದಷ್ಟೂ ಬೇಗ ಕುಂದುತ್ತದೆ. ಆದರೆ ಸಾಮಾನ್ಯವಾಗಿ ಅದು ಕೊನೆಯ ಸಾವು. ಮೊದಲು ಸಾಯುವುದು ಯಂತ್ರ. ಪುಸ್ತಕ ಹಾಗೆಯೇ ಇದೆ, ಕೋಣೆಯ ಬಾಗಿಲು ಮಾತ್ರ ತೆರೆಯುತ್ತಿಲ್ಲ ಎನ್ನುವಂಥ ಸ್ಥಿತಿ. ಓದಬಲ್ಲವರಿಗೆ ಇದರಲ್ಲಿ ಒಂದು ಆಸೆಯೂ ಇದೆ, ಒಂದು ಸಂಕಟವೂ ಇದೆ.

ಇದು ಹಳ್ಳಿಯ ತಗಡಿನ ಮನೆಯ ಕಷ್ಟ ಮಾತ್ರ ಎಂದು ಪಟ್ಟಣದ ಓದುಗರು ನಿಶ್ಚಿಂತರಾಗಬೇಕಾಗಿಲ್ಲ. ಅಮೆರಿಕೆಯ ಧ್ವನಿಮುದ್ರಣ ಸಂಸ್ಥೆಗಳು 1990ರ ದಶಕದಲ್ಲಿ ತಮ್ಮ ಹಾಡುಗಳ ಮೂಲ ಪ್ರತಿಗಳನ್ನು ಹಾರ್ಡ್ ಡಿಸ್ಕುಗಳಿಗೆ ತುಂಬಿ, ಕಡತ ಕಾಯುವುದನ್ನೇ ಕಸುಬಾಗಿಸಿಕೊಂಡ ಐರನ್ ಮೌಂಟನ್ ಎಂಬ ಸಂಸ್ಥೆಯ ಉಗ್ರಾಣಗಳಿಗೆ ಒಪ್ಪಿಸಿದವು. ಬೀಗ, ಕಾವಲು, ಹದವಾದ ಹವೆ, ಯಾವುದಕ್ಕೂ ಕೊರತೆಯಿರಲಿಲ್ಲ. ಆ ಕಾಲದ ಡಿಸ್ಕುಗಳನ್ನು ಹೊರತೆಗೆದು ಜೋಡಿಸಿ ನೋಡಿದಾಗ ಸುಮಾರು ಐದರಲ್ಲಿ ಒಂದು ಓದಲಾರದಂತಾಗಿದೆ ಎಂದು ಆ ಸಂಸ್ಥೆಯವರೇ 2024ರಲ್ಲಿ ಹೇಳಿದರು. ಗಾಯಕರ ಕಂಠ, ವಾದ್ಯಗಾರರ ಬೆರಳು, ಎಲ್ಲವೂ ಹೊಳೆಯುವ ಪೆಟ್ಟಿಗೆಗಳಲ್ಲಿ ಅಚ್ಚುಕಟ್ಟಾಗಿ ಸಾಲಾಗಿ ಕುಳಿತಿವೆ, ಹಾಡಲಾರವು.

ಇಂಗ್ಲೆಂಡಿನ ಒಂದು ಪ್ರಸಂಗ ಇನ್ನೂ ಸ್ವಾರಸ್ಯವಾಗಿದೆ. 1086ರಲ್ಲಿ ಅಲ್ಲಿಯ ಅರಸನು ನಾಡಿನ ಹೊಲಮನೆಗಳ ಲೆಕ್ಕವನ್ನು ಬರೆಯಿಸಿದನು. ಡೂಮ್ಸ್‌ಡೇ ಪುಸ್ತಕವೆಂದು ಪ್ರಸಿದ್ಧವಾದ ಆ ಚರ್ಮದ ಹಾಳೆಗಳ ಹೊತ್ತಿಗೆಯನ್ನು ಇಂದಿಗೂ ಓದಬಹುದು. ಅದರ ಒಂಬೈನೂರನೆಯ ವರ್ಷದ ನೆನಪಿಗೆ 1986ರಲ್ಲಿ ಬಿ.ಬಿ.ಸಿ.ಯವರು ನಾಡಿನ ಹೊಸ ಚಿತ್ರವನ್ನು ಸಂಗ್ರಹಿಸಿ ಲೇಸರ್ ತಟ್ಟೆಗಳ ಮೇಲೆ ಹಾಕಿದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ತಟ್ಟೆಗಳನ್ನು ಓದುವ ಯಂತ್ರಗಳೇ ಅಪರೂಪವಾಗಿ, ವಿದ್ವಾಂಸರು ಹರಸಾಹಸಪಟ್ಟು ಅವನ್ನು ಬಿಡಿಸಿಕೊಳ್ಳಬೇಕಾಯಿತು. ಗೋಕಾಕದವರು ಇಂಥ ಹೋಲಿಕೆಗೆ ಇಂಗ್ಲೆಂಡಿನವರೆಗೆ ಹೋಗಬೇಕೆಂದೇನೂ ಇಲ್ಲ. ಜಲಪಾತದ ಮಗ್ಗುಲಲ್ಲಿರುವ ಕೊಣ್ಣೂರಿನಲ್ಲಿ ರಟ್ಟರ ಕಾಲದ ಜೈನ ಶಾಸನವೊಂದಿದೆ. ಅದರಲ್ಲಿ ಉಕ್ತವಾದ ಕಾಲ 1087. ಇಂಗ್ಲೆಂಡಿನ ಹೊತ್ತಿಗೆಗೂ ಅದಕ್ಕೂ ಒಂದೇ ವರ್ಷದ ಅಂತರ. ಅದಕ್ಕೆ ವಿದ್ಯುತ್ತು ಬೇಡ, ತಂತಿ ಬೇಡ; ಬೆಳಕಿದ್ದರೆ ಸಾಕು, ಹಳಗನ್ನಡದ ಲಿಪಿ ಬಲ್ಲ ಕಣ್ಣಿದ್ದರೆ ಸಾಕು. ಕಲ್ಲಿಗೆ ನಿಲ್ಲುವುದೇ ಧರ್ಮ. ಡಿಸ್ಕಿನದು ತಿರುಗುವ ಧರ್ಮ. ಎರಡನ್ನೂ ಒಂದೇ ರೀತಿಯಲ್ಲಿ ಜೋಪಾನ ಮಾಡಹೊರಟದ್ದೇ ತಿಜೋರಿಯವರ ತಪ್ಪು.

ಆದರೆ ಕಲ್ಲಿನ ಮೇಲೆ ಹಾಡು ಕೆತ್ತಲಾಗುವುದಿಲ್ಲವಲ್ಲ! ಅದಕ್ಕೂ ಈ ಸೀಮೆಯಲ್ಲಿ ಒಂದು ದಾರಿ ಇದ್ದೇ ಇತ್ತು. ಸತ್ಯಭಾಮೆ ರುಕ್ಮಿಣಿಯರ ಮತ್ಸರವನ್ನು ಹಳ್ಳಿಯ ಅಂಗಳಕ್ಕೆ ಇಳಿಸಿದ ಶ್ರೀಕೃಷ್ಣ ಪಾರಿಜಾತವನ್ನು ಕುಲಗೋಡ ತಮ್ಮಣ್ಣ ಬೆಳೆಸಿದ್ದು ಇಲ್ಲಿಯೇ. ಕೌಜಲಗಿಯ ನಿಂಗಮ್ಮ ಅದರಿಂದ ಮನೆಮಾತಾದದ್ದೂ ಇಲ್ಲಿಯೇ. ಆ ಆಟ ಉಳಿದು ಬಂದದ್ದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರಿಂದಲ್ಲ. ಒಂದು ಮೇಳದ ಬಾಯಿಂದ ಇನ್ನೊಂದು ಮೇಳದ ಬಾಯಿಗೆ, ಒಂದು ಜಾತ್ರೆಯಿಂದ ಮುಂದಿನ ಜಾತ್ರೆಗೆ ಅದು ನಿಲ್ಲದೆ ನಡೆದು ಬಂದಿತು. ಒಬ್ಬನ ಕಂಠ ಬಿದ್ದುಹೋಗುವಷ್ಟರಲ್ಲಿ ನಾಲ್ವರು ಕಲಿತಿರುತ್ತಿದ್ದರು. ತಾಳೆಗರಿಯ ಕಟ್ಟುಗಳದೂ ಇದೇ ಪಾಡು: ಮಠಗಳಲ್ಲಿ ಕಾಲಕಾಲಕ್ಕೆ ಅವನ್ನು ಬಿಚ್ಚಿ, ಧೂಳು ಕೊಡವಿ, ಎಣ್ಣೆ ಸವರಿ, ಜೀರ್ಣವಾದ ಗರಿಯನ್ನು ಹೊಸ ಗರಿಗೆ ಇಳಿಸಿಕೊಳ್ಳುತ್ತಿದ್ದರು. ಈ ಕೆಲಸ ನಿಂತಲ್ಲಿ ಕಟ್ಟುಗಳು ಗೆದ್ದಲ ಪಾಲಾದವು.

ಸರಕಾರದ ಭೂಮಿ ಯೋಜನೆಯೂ ಬೇರೆ ಉಪಾಯವನ್ನೇನೂ ಕಂಡುಕೊಂಡಿಲ್ಲ. ಕರ್ನಾಟಕದ ಪಹಣಿಗಳನ್ನು 2000ದ ಆಸುಪಾಸಿನಲ್ಲಿ ಗಣಕಯಂತ್ರಕ್ಕೆ ಏರಿಸಲಾಯಿತು. ಸುಮಾರು ಎರಡು ಕೋಟಿ ದಾಖಲೆಗಳು. ನಾಗನೂರದ ಒಂದು ಗುಂಟೆ ಹೊಲದ ಒಡೆತನವೂ ಈಗ ಅಂಥ ತಟ್ಟೆಗಳ ಮೇಲೆಯೇ ಇದೆ. ದತ್ತಾಂಶ ಕೇಂದ್ರವೆಂಬ ಕಡೆಗಳಲ್ಲಿ ಡಿಸ್ಕುಗಳು ಹಗಲಿರುಳು ತಿರುಗುತ್ತವೆ. ಒಂದು ಕೆಟ್ಟರೆ ಅದೇ ಲೆಕ್ಕ ಇನ್ನೊಂದರ ಮೇಲೆ ಇರುತ್ತದೆ. ವಯಸ್ಸಾದದ್ದನ್ನು ತೆಗೆದು ಹೊಸದಕ್ಕೆ ನಕಲು ಇಳಿಸುತ್ತಾರೆ. ತಿರುಗುವ ಡಿಸ್ಕೂ ಸಾಯುತ್ತದೆ, ಅದನ್ನು ಮರೆಯಬಾರದು. ಅದರ ಸಾವು ಅಂದೇ ತಿಳಿಯುತ್ತದೆ. ತಿಜೋರಿಯ ಡಿಸ್ಕಿನ ಸಾವು ಹನ್ನೆರಡು ವರ್ಷದ ಮೇಲೆ ತಿಳಿಯುತ್ತದೆ. ಅಷ್ಟೇ ವ್ಯತ್ಯಾಸ, ಆದರೆ ಅದು ಸಣ್ಣದಲ್ಲ.

ಮನೆಯವರು ಮಾಡಬಹುದಾದದ್ದು ಹೆಚ್ಚೇನಿಲ್ಲ. ಖಂಡೇಪೂಜೆಯ ದಿನ ಈ ಊರಿನಲ್ಲಿ ರೆಂಟೆ, ಕುಂಟೆ, ಕುಡುಗೋಲು, ಟ್ರ್ಯಾಕ್ಟರು, ಪಂಪು ಎಲ್ಲವನ್ನೂ ತೊಳೆದು ಒರೆಸಿ ವಿಭೂತಿ ಹಚ್ಚುತ್ತಾರೆ. ಆ ಸಾಲಿನಲ್ಲಿ ಹಾರ್ಡ್ ಡಿಸ್ಕಿಗೂ ಒಂದು ಸ್ಥಾನ ಕೊಟ್ಟರೆ ದೇವಿಯೇನೂ ಮುನಿಯಲಾರಳು. ವಿಭೂತಿ ಮಾತ್ರ ದೂರವಿರಲಿ! ಹೊರತೆಗೆದು, ಕೋಣೆಯ ಹವೆಗೆ ಒಂದೆರಡು ತಾಸು ಹೊಂದಿಕೊಳ್ಳಲು ಬಿಟ್ಟು, ಗಣಕಯಂತ್ರಕ್ಕೆ ಜೋಡಿಸಿ, ಒಳಗಿನ ಚಿತ್ರಗಳನ್ನು ತೆರೆದು ನೋಡಿ, ಇನ್ನೊಂದು ಡಿಸ್ಕಿಗೆ ನಕಲು ಇಳಿಸಿ, ಆ ನಕಲನ್ನು ಬೇರೆ ಊರಿನ ನೆಂಟರ ಮನೆಯಲ್ಲಿ ಇಟ್ಟರಾಯಿತು. ತಟ್ಟೆಯೇ ಇಲ್ಲದ ಹೊಸ ಮಾದರಿಯ ಎಸ್.ಎಸ್.ಡಿ. ಮತ್ತು ಪೆನ್ ಡ್ರೈವುಗಳನ್ನು ನೆಚ್ಚಿ ಕೂರುವವರಿಗೂ ಒಂದು ಮಾತು: ಅವುಗಳಲ್ಲಿ ಅಂಟುವ ತಲೆಯಿಲ್ಲ, ಹಿಡಿಯುವ ಬೇರಿಂಗಿಲ್ಲ, ನಿಜ. ಆದರೆ ಅವು ಸುದ್ದಿಯನ್ನು ವಿದ್ಯುತ್ ಕಣಗಳ ರೂಪದಲ್ಲಿ ಹಿಡಿದಿಡುತ್ತವೆ. ವಿದ್ಯುತ್ತಿನ ಸಂಪರ್ಕವಿಲ್ಲದೆ ಬಹುಕಾಲ ಬಿದ್ದರೆ ಆ ಕಣಗಳು ಸೋರಿಹೋಗುತ್ತವೆ. ಬಹಳ ಬಳಸಿ ಹಳತಾದವು, ಸೆಕೆಯಲ್ಲಿದ್ದವು ಇನ್ನೂ ಬೇಗ ಮರೆಯುತ್ತವೆ.

ನಕಲು ಬೇರೆ ಊರಿನಲ್ಲಿರಬೇಕೆಂಬುದಕ್ಕೆ ಕಾರಣವನ್ನು ಘಟಪ್ರಭೆಯೇ ಕಲಿಸಿದೆ. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ಲೋಳಸೂರ ಸೇತುವೆ ಮುಳುಗಿತು. ಗೋಕಾಕದ ಪೇಟೆಯೊಳಗೆ, ನದಿಯ ದಂಡೆಯ ಹಳ್ಳಿಗಳೊಳಗೆ ನೀರು ನುಗ್ಗಿತು. ದನಕರು, ಕಾಳುಕಡಿ, ಹಾಸಿಗೆಗಳೊಡನೆ ಕಪಾಟುಗಳೂ ನೀರಿನಲ್ಲಿ ನಿಂತವು. ನೀರು ಕುಡಿದ ಡಿಸ್ಕನ್ನು ಬಿಸಿಲಿಗೆ ಒಣಗಿಸಿ ಬಟನ್ ಒತ್ತುವುದರಷ್ಟು ಕೆಟ್ಟ ಚಿಕಿತ್ಸೆ ಇನ್ನೊಂದಿಲ್ಲ. ಒಳಹೊಕ್ಕ ಕೆಸರು ಒಣಗಿ ತಟ್ಟೆಯ ಮೇಲೆ ಉಸುಕಾಗಿ ಕೂರುತ್ತದೆ. ತಿರುಗಿದ 1 ಕ್ಷಣದಲ್ಲಿ ತಲೆ ಅದಕ್ಕೆ ಬಡಿದು ಲೇಪವನ್ನೇ ಕೆರೆದುಹಾಕುತ್ತದೆ. ಕೆಟ್ಟ ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟರೆ ಬದುಕುತ್ತದೆಂಬ ನಂಬಿಕೆಯೂ ಕೆಲವರಲ್ಲಿದೆ. ತಂಪಿನಿಂದ ಹೊರತೆಗೆದ ತಂಬಿಗೆಯ ಮೇಲೆ ಬೆವರು ಮೂಡುವುದನ್ನು ಕಂಡವರು ಆ ನಂಬಿಕೆಗೆ ಬೀಳಬಾರದು. ಅದೇ ಬೆವರು ತಟ್ಟೆಯ ಮೇಲೂ ಮೂಡುತ್ತದೆ.

ಸ್ಟುಡಿಯೋದ ಯಜಮಾನ ಇದನ್ನೆಲ್ಲ ಬಲ್ಲವನು. ಆದುದರಿಂದಲೇ ಎರಡನೆಯ ಸಲ ವಿದ್ಯುತ್ತು ಹರಿಸಲು ಒಪ್ಪಲಿಲ್ಲ, ಪೆಟ್ಟಿಗೆ ಬಿಚ್ಚಲೂ ಒಪ್ಪಲಿಲ್ಲ. ಕಣ್ಣಿಗೆ ಕಾಣದ ಒಂದು ಧೂಳಿನ ಕಣ ತಲೆಗೂ ತಟ್ಟೆಗೂ ನಡುವಿನ ಅಂತರಕ್ಕಿಂತ ಎಷ್ಟೋ ಪಟ್ಟು ದಪ್ಪವಾಗಿರುತ್ತದೆ. ಕಬ್ಬಿನ ಗಾಡಿಗಳು ಧೂಳೆಬ್ಬಿಸುವ ಬೀದಿಯ ಅಂಗಡಿಯಲ್ಲಿ ಅದನ್ನು ತೆರೆಯುವುದೆಂದರೆ ಮುಗಿದಂತೆಯೇ. ಗಾಳಿಯನ್ನು ಸೋಸಿದ ಕೋಣೆಯಲ್ಲಿ ಅಂಟಿದ ತಲೆಯನ್ನು ವಿಶೇಷ ಸಲಕರಣೆಯಿಂದ ಎತ್ತಿ ಕಟ್ಟೆಗೆ ಸೇರಿಸಬಲ್ಲವರು ಪುಣೆಯಲ್ಲಿದ್ದಾರೆಂದು ಹೇಳಿ, ವಿಳಾಸ ಬರೆದುಕೊಟ್ಟನು. ಆಗಬಹುದಾದ ಖರ್ಚನ್ನು ಕೇಳಿ ಮನೆಯ ಯಜಮಾನ ಎರಡು ದಿನ ಮಾತನಾಡಲಿಲ್ಲ. ಡಿಸ್ಕಿನ ಬೆಲೆಯ ಹಲವು ಪಟ್ಟು! ಕಬ್ಬಿನ ಬಿಲ್ಲು ಬಂದ ಮೇಲೆ ನೋಡೋಣ ಎಂದನು.

ಈ ನಡುವೆ ಹುಕ್ಕೇರಿಗೆ ಕೊಟ್ಟ ಮಗಳಿಗೆ ಸುದ್ದಿ ಮುಟ್ಟಿತು. ಆಕೆಯ ಅತ್ತೆಯ ಮನೆಯ ಅಟ್ಟದ ಮೇಲೆ, ಹಳೆಯ ಮಿಕ್ಸರಿನ ಪೆಟ್ಟಿಗೆಯಲ್ಲಿ, ಅಣ್ಣನ ಮದುವೆಯದೆಂದು ಬರೆದ ಒಂದು ಡಿ.ವಿ.ಡಿ. ಇತ್ತು. ಅದನ್ನು ಓದುವ ಯಂತ್ರ ಮಾತ್ರ ಆ ಮನೆಯಲ್ಲಾಗಲಿ ಓಣಿಯಲ್ಲಾಗಲಿ ಉಳಿದಿರಲಿಲ್ಲ. ಬಸ್ಸಿನ ಕಂಡಕ್ಟರರ ಕೈಯಲ್ಲಿ ಅದು ನಾಗನೂರಕ್ಕೆ ಬಂದಿತು. ಸ್ಟುಡಿಯೋದ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಯಂತ್ರವನ್ನು ಒರೆಸಿ, ತಟ್ಟೆ ಹಾಕಿದರು. ಅರಿಷಿಣ ಹಚ್ಚುವ ಶಾಸ್ತ್ರ, ಊಟದ ಪಂಕ್ತಿ, ಯಾರದೋ ಮಗುವಿನ ಅಳು. ಆಮೇಲೆ ಹಿರಿಯರು ಕಾಣಿಸಿಕೊಂಡರು. ರುಮಾಲು ಸರಿಪಡಿಸಿಕೊಂಡು, ಕೆಮ್ಮಿ, ದನಿ ಎತ್ತಿದರು. ಹನ್ನೊಂದು ನಿಮಿಷ ಹಾಡಿದರು. ಅಲ್ಲಿಗೆ ಚಿತ್ರ ಚೌಕಚೌಕವಾಗಿ ಒಡೆದು ನಿಂತುಹೋಯಿತು.

ಸ್ಟುಡಿಯೋದವನು ಆ ಹನ್ನೊಂದು ನಿಮಿಷವನ್ನು ಅಂದೇ ಎರಡು ಕಡೆ ನಕಲು ಇಳಿಸಿದನು. ಮೊಮ್ಮಗಳು ಅಷ್ಟರಿಂದಲೇ ಪದ ಕಲಿಯುತ್ತಿದ್ದಾಳೆ. ಮನೆಯ ಯಜಮಾನ ಬಿಲ್ಲಿಗೆ ಕಾಯಲಿಲ್ಲ; ಆ ವಾರವೇ ಕರಿಯ ಪೆಟ್ಟಿಗೆಯನ್ನು ಅರಿವೆಯಲ್ಲಿ ಸುತ್ತಿ, ಘಟಪ್ರಭಾ ನಿಲ್ದಾಣದಲ್ಲಿ ಪುಣೆಯ ಕಡೆಗೆ ಹೋಗುವ ರೈಲು ಹತ್ತಿದನು. ಅಲ್ಲಿಂದ ಉತ್ತರ ಇನ್ನೂ ಬಂದಿಲ್ಲ.